8,900 ರೂಪಾಯಿಯ ಪೈಲಟ್ ವಾಚು: ಹಾಸನದ ಒಂದು ಆನ್‌ಲೈನ್ ಹರಾಜಿನ ಪ್ರಕರಣ ಅಧ್ಯಯನ

ಹಾಸನದ ನಿವೃತ್ತ ಪ್ರೌಢಶಾಲಾ ಶಿಕ್ಷಕರೊಬ್ಬರು ಹಳೆಯ ಎಚ್‌ಎಂಟಿ ಪೈಲಟ್ ಕೈಗಡಿಯಾರವೊಂದನ್ನು ಆನ್‌ಲೈನ್ ಹರಾಜಿನಲ್ಲಿ 8,900 ರೂಪಾಯಿಗೆ ಕೊಂಡರು. ಹರಾಜು ತಾಣದ ಶುಲ್ಕ ಶೇ 10ರಂತೆ 890, ಅಂಚೆ ವೆಚ್ಚ 250 ಸೇರಿ ಅವರ ಖಾತೆಯಿಂದ ಹೋದ ಹಣ 10,040 ರೂಪಾಯಿ. ಮನೆಗೆ ಬಂದ ವಾಚಿನ ಡಯಲ್‌ಗೆ ಹೊಸ ಬಣ್ಣ ಬಳಿಯಲಾಗಿತ್ತು. ಹಿಂಬದಿಯ ಮುಚ್ಚಳದಲ್ಲಿದ್ದ ಸೈನ್ಯದ ಗುರುತು ಇತ್ತೀಚೆಗೆ ಕೊರೆದದ್ದಾಗಿತ್ತು. ಹೆಸರು ಬೇಡವೆಂದು ಅವರು ಕೇಳಿಕೊಂಡಿರುವುದರಿಂದ ಮೇಷ್ಟ್ರು ಎಂದಷ್ಟೇ ಬರೆಯುತ್ತೇನೆ. ಹರಾಜಿನ ಪುಟದ ಚಿತ್ರಗಳು, ಹಣ ಪಾವತಿಯ ರಸೀದಿ, ಮಾರಾಟಗಾರನೊಂದಿಗಿನ ಪತ್ರವ್ಯವಹಾರ ಎಲ್ಲವನ್ನೂ ಅವರು ನನ್ನ ಮುಂದಿಟ್ಟರು.

ಈ ಪ್ರಕರಣದಲ್ಲಿ ನಡೆದ ಮೋಸ ಎರಡು ಬಗೆಯದು. ಬಣ್ಣ ಬಳಿದ ಡಯಲ್ ಕಣ್ಣಿಗೆ ಕಾಣುತ್ತದೆ, ಹಾಗಾಗಿ ಹಳೆಯ ವಾಚುಗಳ ಬಗ್ಗೆ ಮಾತು ಬಂದರೆ ಎಲ್ಲರೂ ಅದನ್ನೇ ಆಡುತ್ತಾರೆ. ಆದರೆ ಲೆಕ್ಕ ಹಾಕಿ ನೋಡಿದಾಗ ಮೇಷ್ಟ್ರ ಹಣದ ದೊಡ್ಡ ಪಾಲು ಹೋದದ್ದು ಡಯಲ್‌ನಿಂದಲ್ಲ, ಹರಾಜಿನ ಕೂಗಿನಿಂದ. ಅದನ್ನು ವಿವರವಾಗಿ ದಾಖಲಿಸುವುದು ಈ ಬರಹದ ಉದ್ದೇಶ.

ಪೈಲಟ್ ಏಕೆ

ಎಚ್‌ಎಂಟಿ 1953ರಲ್ಲಿ ಬೆಂಗಳೂರಿನಲ್ಲಿ ಯಂತ್ರೋಪಕರಣಗಳನ್ನು ತಯಾರಿಸಲೆಂದು ಹುಟ್ಟಿದ ಸರ್ಕಾರಿ ಸಂಸ್ಥೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಅಲ್ಲಿ ಕೈಗಡಿಯಾರದ ತಯಾರಿಕೆ ಶುರುವಾಯಿತು. 1978ರಲ್ಲಿ ತುಮಕೂರಿನಲ್ಲೂ ಕಾರ್ಖಾನೆ ಬಂತು. ಜನತಾ, ಸೋನಾ, ಕಾಂಚನ್, ಪೈಲಟ್ ಎಂಬ ಹೆಸರುಗಳು ನಮ್ಮ ಜಿಲ್ಲೆಯ ಮನೆಮನೆಯಲ್ಲೂ ಇದ್ದವು. ಮದುವೆಯಲ್ಲಿ ಅಳಿಯನಿಗೆ, ಎಸ್‌ಎಸ್‌ಎಲ್‌ಸಿ ಪಾಸಾದ ಮಗನಿಗೆ, ಸರ್ಕಾರಿ ನೌಕರಿ ಸಿಕ್ಕವನು ಮೊದಲ ಸಂಬಳದಲ್ಲಿ ತನಗೆ ತಾನೇ, ಹೀಗೆ ಆ ವಾಚು ಕೈಗೆ ಬರುವುದೆಂದರೆ ಬದುಕಿನಲ್ಲಿ ಒಂದು ಮೆಟ್ಟಿಲು ಹತ್ತಿದಂತೆ. ಬ್ಯಾಟರಿಯಿಂದ ಓಡುವ ಕ್ವಾರ್ಟ್ಜ್ ವಾಚುಗಳ ಕಾಲ ಬಂತು, ನಷ್ಟ ಏರಿತು, 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಎಚ್‌ಎಂಟಿ ವಾಚಸ್ ಘಟಕವನ್ನು ಮುಚ್ಚಲು ಒಪ್ಪಿಗೆ ನೀಡಿತು.

ಮುಚ್ಚುವ ಸುದ್ದಿ ಹೊರಬಿದ್ದಾಗಿನಿಂದ ಹಳೆಯ ಎಚ್‌ಎಂಟಿಗಳಿಗೆ ಬೇಡಿಕೆ ಬಂತು. ಇನ್ನು ತಯಾರಾಗುವುದಿಲ್ಲ ಎಂಬ ಮಾತೇ ಬೆಲೆ ಏರಿಸಲು ಸಾಕಾಯಿತು. ಆದರೆ ತಯಾರಿಕೆ ನಿಂತದ್ದು ಬೇರೆ, ವಸ್ತು ಅಪರೂಪವಾದದ್ದು ಬೇರೆ. ಎಚ್‌ಎಂಟಿ ತಯಾರಿಸಿದ ವಾಚುಗಳ ಸಂಖ್ಯೆ 10 ಕೋಟಿಗೂ ಹೆಚ್ಚು. ಪೈಲಟ್ ಅವುಗಳಲ್ಲಿ ಬಹಳ ಜನಪ್ರಿಯವಾದ ಮಾದರಿ. ಕಪ್ಪು ಡಯಲ್, ಬಿಳಿಯ ಅಂಕಿಗಳು, ದಿನಕ್ಕೊಮ್ಮೆ ಕೀಲಿ ಕೊಡಬೇಕಾದ 17 ಕಲ್ಲುಗಳ (ಒಳಗಿನ ಭಾಗಗಳು ಸವೆಯದಂತೆ ಕೂರಿಸುವ ಪುಟ್ಟ ಹರಳುಗಳ) ಮೆಷಿನ್. ಹೆಸರು ವಿಮಾನ ಚಾಲಕನದಾದರೂ ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳಬಹುದಾಗಿದ್ದ ವಾಚು ಅದು. ಇಂದಿಗೂ ಎಷ್ಟೋ ಮನೆಗಳ ಬೀರುವಿನಲ್ಲಿ ನಿಂತು ಹೋದ ಪೈಲಟ್‌ಗಳು ಬಿದ್ದಿವೆ.

ಮೇಷ್ಟ್ರ ಅಣ್ಣ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದರು. ಅವರ ಕೈಯಲ್ಲಿ ಪೈಲಟ್ ಇತ್ತು. ತಮ್ಮನ ಓದಿನ ಖರ್ಚು ನೋಡಿಕೊಂಡವರು ಅವರೇ. ಅಣ್ಣ ತೀರಿಕೊಂಡ ನಂತರ ಆ ವಾಚು ಯಾರ ಪಾಲಿಗೆ ಹೋಯಿತೆಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಮೇಷ್ಟ್ರಿಗೆ ಬೇಕಾಗಿದ್ದದ್ದು ಹೂಡಿಕೆಯಲ್ಲ, ಸಂಗ್ರಹವೂ ಅಲ್ಲ. ಅಂಥದ್ದೇ ಒಂದು ವಾಚು, ಅಷ್ಟೆ. ಇಂಥ ಕೊಳ್ಳುಗರ ಬಗ್ಗೆ ನನಗೆ ಹೆಚ್ಚು ಕಾಳಜಿ. ವ್ಯಾಪಾರಕ್ಕೆಂದು ಕೊಳ್ಳುವವನು ಬೆಲೆ ಮೀರಿದರೆ ಬಿಟ್ಟು ಹೋಗುತ್ತಾನೆ. ನೆನಪಿಗೆಂದು ಕೊಳ್ಳುವವರು ಬಿಡುವುದಿಲ್ಲ, ಅದು ಮಾರಾಟಗಾರನಿಗೂ ಗೊತ್ತು.

ಕೇಳಿದ ಬೆಲೆ, ಮಾರಿಹೋದ ಬೆಲೆ

ಮೇಷ್ಟ್ರು ವಿಚಾರಿಸದೆ ಇಳಿದವರಲ್ಲ. ಹಲವು ದಿನ ಮೊಬೈಲ್‌ನಲ್ಲಿ ಪೈಲಟ್‌ನ ಬೆಲೆ ಹುಡುಕಿದ್ದರು. ಅವರಿಗೆ ಕಂಡದ್ದು 12,000, 15,000, ಒಂದು ಕಡೆ 22,000. ಹಾಗಾಗಿ 6,000ಕ್ಕೆ ಸಿಕ್ಕರೆ ಲಾಭವೇ ಎಂದು ಮನಸ್ಸಿನಲ್ಲಿ ಕೂತುಬಿಟ್ಟಿತು. ಅವೆಲ್ಲವೂ ಮಾರಾಟಗಾರರು ಕೇಳುತ್ತಿದ್ದ ಬೆಲೆಗಳು. ಆ ಬೆಲೆಗೆ ಯಾರೂ ಕೊಳ್ಳದೆ ಅವು ತಿಂಗಳುಗಟ್ಟಲೆ ಅಲ್ಲೇ ಉಳಿದಿದ್ದವು, ಅದಕ್ಕೇ ಹುಡುಕಿದವರಿಗೆಲ್ಲ ಮೊದಲು ಅವೇ ಕಾಣುತ್ತಿದ್ದವು. ಸರಿಯಾದ ಬೆಲೆಗೆ ಇಟ್ಟ ವಾಚು ಮಾರಾಟವಾಗಿ ಪಟ್ಟಿಯಿಂದ ಹೋಗಿಬಿಡುತ್ತದೆ.

ಅದೇ ಹರಾಜು ತಾಣದಲ್ಲಿ ಮುಗಿದ ಹರಾಜುಗಳನ್ನು ಮಾತ್ರ ತೋರಿಸುವ ಆಯ್ಕೆ ಇದೆ. ಮೇಷ್ಟ್ರ ಜೊತೆ ಕೂತು ನಾನು ಅದನ್ನು ತೆರೆದು ನೋಡಿದೆ. ಹಿಂದಿನ ತಿಂಗಳುಗಳಲ್ಲಿ ಅಲ್ಲಿ ನಿಜವಾಗಿ ಮಾರಿಹೋದ ಪೈಲಟ್‌ಗಳ ಬೆಲೆ 1,200ರಿಂದ 2,600ರ ನಡುವೆ ಇತ್ತು. ಎರಡು ಮಾತ್ರ ಅದಕ್ಕಿಂತ ಮೇಲೆ ಹೋಗಿದ್ದವು. ಎರಡೂ ಇದೇ ಮಾರಾಟಗಾರನವು.

ಹರಾಜಿನ ರಾತ್ರಿ

ವಾಚಿನ ವಿವರಣೆಯಲ್ಲಿ "1971ರ ಯುದ್ಧದಲ್ಲಿ ವಾಯುಪಡೆಯ ಅಧಿಕಾರಿಗೆ ನೀಡಿದ್ದು, ಅತಿ ವಿರಳ" ಎಂದು ಬರೆದಿತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ "ನಮಗೆ ತಿಳಿದ ಮಟ್ಟಿಗೆ" ಎಂಬ ಮಾತೂ ಇತ್ತು. ಐದು ಚಿತ್ರಗಳಲ್ಲಿ ನಾಲ್ಕು ಗಾಜಿನ ಮೇಲೆ ಬೆಳಕು ಬೀಳುವಂತೆ ತೆಗೆದವು, ಐದನೆಯದು ಮುಚ್ಚಳದ್ದು. ಒಳಗಿನ ಮೆಷಿನ್‌ನ ಚಿತ್ರ ಇರಲಿಲ್ಲ. ಆರಂಭದ ಬೆಲೆ 99 ರೂಪಾಯಿ.

ಈ ತಾಣದಲ್ಲಿ, ಇಂಥ ಬಹುತೇಕ ತಾಣಗಳಲ್ಲಿ ಇರುವಂತೆ, ತಾನಾಗಿ ಕೂಗುವ ವ್ಯವಸ್ಥೆಯಿದೆ. ನಿಮ್ಮ ಗರಿಷ್ಠ ಮೊತ್ತವನ್ನು ಗುಟ್ಟಾಗಿ ನಮೂದಿಸಿದರೆ ಸಾಕು. ಬೇರೆಯವರು ಎಷ್ಟು ಕೂಗುತ್ತಾರೋ ಅದಕ್ಕಿಂತ ಒಂದು ಹಂತ ಮೇಲೆ, ಇಲ್ಲಿ 100 ರೂಪಾಯಿ ಹೆಚ್ಚಿಗೆ, ಯಂತ್ರವೇ ನಿಮ್ಮ ಪರವಾಗಿ ಕೂಗುತ್ತದೆ. ಮೇಷ್ಟ್ರು 6,000 ನಮೂದಿಸಿದರು. ಮೊದಲ ಆರು ದಿನಗಳಲ್ಲಿ ಬೇರೆ ಮೂವರು ಕೂಗಿದರು. ಅವರಲ್ಲಿ ಕೊನೆಯವರು 2,300ಕ್ಕೆ ನಿಂತರು. ಮೇಷ್ಟ್ರ ಹೆಸರಿನಲ್ಲಿ 2,400 ಎಂದು ಪರದೆ ತೋರಿಸುತ್ತಿತ್ತು.

ಭಾನುವಾರ ರಾತ್ರಿ, ಮುಗಿಯಲು ಅರ್ಧ ಗಂಟೆ ಇರುವಾಗ ಹೊಸ ಖಾತೆಯೊಂದು ಕಣಕ್ಕಿಳಿಯಿತು. 2,600, ನಂತರ 3,000, ನಂತರ 3,500. ಪ್ರತಿ ಕೂಗಿಗೂ ಯಂತ್ರ ತಕ್ಷಣ ನೂರು ರೂಪಾಯಿ ಸೇರಿಸಿ ಉತ್ತರ ಕೊಡುತ್ತಿತ್ತು. ಎದುರಿನವನಿಗೆ ತಿಳಿಯಬೇಕಾಗಿದ್ದದ್ದು ಒಂದೇ, ಈ ಮನುಷ್ಯನ ಮಿತಿ ಎಲ್ಲಿದೆ ಎಂಬುದು. 5,900ರವರೆಗೆ ಹಂತಹಂತವಾಗಿ ಏರಿಸಿ, ನಂತರ 6,200 ಕೂಗಿದಾಗ ಮಿತಿ ಒಡೆಯಿತು. ಮೇಷ್ಟ್ರ ಮೊಬೈಲ್‌ಗೆ "ನಿಮ್ಮನ್ನು ಮೀರಿಸಲಾಗಿದೆ" ಎಂಬ ಸಂದೇಶ ಬಂತು. ಆಗ ಉಳಿದಿದ್ದದ್ದು ನಾಲ್ಕು ನಿಮಿಷ. ಕೊನೆಯ ಗಳಿಗೆಯಲ್ಲಿ ಯಾರಾದರೂ ಕೂಗಿದರೆ ಸಮಯ ಎರಡು ನಿಮಿಷ ಮುಂದಕ್ಕೆ ಹೋಗುವ ನಿಯಮವೂ ಇತ್ತು.

"ಆ ಹೊತ್ತಿನಲ್ಲಿ ವಾಚಿನ ಬೆಲೆ ಎಷ್ಟು ಎಂದು ನಾನು ಯೋಚಿಸಲೇ ಇಲ್ಲ. ಅಣ್ಣನ ವಾಚನ್ನು ಬೇರೆ ಯಾರೋ ಎತ್ತಿಕೊಂಡು ಹೋಗುತ್ತಿದ್ದಾರೆ ಎನ್ನಿಸಿತು" ಎಂದರು ಮೇಷ್ಟ್ರು. ಅವರು ಮಿತಿಯನ್ನು 9,000ಕ್ಕೆ ಏರಿಸಿದರು. ಎದುರಿನ ಖಾತೆ ಮತ್ತೆ ಮೆಟ್ಟಿಲು ಹತ್ತಿ 8,800ಕ್ಕೆ ಬಂದು ನಿಂತುಬಿಟ್ಟಿತು. ಹರಾಜು 8,900ಕ್ಕೆ ಮುಗಿಯಿತು.

ಎರಡನೆಯವನು ಯಾರು

ಇಂಥ ಹರಾಜಿನಲ್ಲಿ ಬೆಲೆ ನಿರ್ಧರಿಸುವವನು ಗೆದ್ದವನಲ್ಲ, ಎರಡನೇ ಸ್ಥಾನದಲ್ಲಿ ನಿಂತವನು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲೇ ಅಂಚೆಚೀಟಿ ಸಂಗ್ರಹಕಾರರು ಅಂಚೆಯ ಮೂಲಕ ನಡೆಸುತ್ತಿದ್ದ ಹರಾಜುಗಳಲ್ಲಿ ಈ ಪದ್ಧತಿ ಬಳಕೆಯಲ್ಲಿತ್ತು. ಅತಿ ಹೆಚ್ಚು ಬರೆದು ಕಳಿಸಿದವರಿಗೆ ವಸ್ತು, ಆದರೆ ಅವರು ಕೊಡಬೇಕಾದದ್ದು ಎರಡನೆಯವರ ಮೊತ್ತವನ್ನು ಆಧರಿಸಿದ ಬೆಲೆ. 1961ರಲ್ಲಿ ವಿಲಿಯಂ ವಿಕ್ರಿ ಎಂಬ ಅರ್ಥಶಾಸ್ತ್ರಜ್ಞ ಇದನ್ನು ಗಣಿತದಲ್ಲಿ ವಿವರಿಸಿದರು, 1996ರಲ್ಲಿ ಅವರಿಗೆ ನೊಬೆಲ್ ಬಂತು. ಎರಡನೆಯವರ ಬೆಲೆ ಕೊಡುವ ಪದ್ಧತಿಯಲ್ಲಿ ನಮ್ಮ ನಿಜವಾದ ಗರಿಷ್ಠ ಮೊತ್ತವನ್ನು ಅಂಜದೆ ಹೇಳಬಹುದು, ಅದರಿಂದ ನಮಗೆ ನಷ್ಟವಿಲ್ಲ ಎಂಬುದು ಅವರ ವಾದದ ತಿರುಳು.

ಆ ಮಾತು ನಿಲ್ಲಬೇಕಾದರೆ ಎರಡನೆಯವನು ನಿಜವಾದ ಕೊಳ್ಳುಗನಾಗಿರಬೇಕು. ಅವನು ಮಾರಾಟಗಾರನ ಮನುಷ್ಯನೇ ಆಗಿದ್ದರೆ ನಮ್ಮ ಗುಟ್ಟಿನ ಮಿತಿಯೇ ಬೆಲೆಯಾಗುತ್ತದೆ. ಮೇಷ್ಟ್ರ ಹರಾಜಿನಲ್ಲಿ ಕೊನೆಯ ನಿಜವಾದ ಎದುರಾಳಿ 2,300ಕ್ಕೆ ನಿಂತಿದ್ದರು. ಆ ರಾತ್ರಿಯ ಖಾತೆ ಬಾರದೇ ಇದ್ದಿದ್ದರೆ ಅದೇ ನಿಯಮದಂತೆ ವಾಚು 2,400ಕ್ಕೆ ಅವರ ಕೈಸೇರುತ್ತಿತ್ತು. ಒಂದೇ ಒಂದು ಖಾತೆ ಬೆಲೆಗೆ 6,500 ರೂಪಾಯಿ ಸೇರಿಸಿತು.

ಅದು ಮಾರಾಟಗಾರನ ಖಾತೆಯೇ ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಹರಾಜಿನ ಇತಿಹಾಸದ ಪುಟ ಏನು ತೋರಿಸಿತೋ ಅದನ್ನು ಹೇಳುತ್ತೇನೆ. ಕೂಗುವವರ ಹೆಸರಿನ ಮೊದಲ ಮತ್ತು ಕೊನೆಯ ಅಕ್ಷರ ಮಾತ್ರ ಅಲ್ಲಿ ಕಾಣುತ್ತದೆ, ಆದರೆ ಹಿಂದಿನ 30 ದಿನಗಳ ನಡವಳಿಕೆ ಸಿಗುತ್ತದೆ. ಆ ಖಾತೆಯ ಎಲ್ಲ ಕೂಗುಗಳೂ, ಶೇಕಡಾ ನೂರು, ಇದೇ ಒಬ್ಬ ಮಾರಾಟಗಾರನ ವಸ್ತುಗಳ ಮೇಲೆ ಇದ್ದವು. ಗೆದ್ದದ್ದು ಒಂದೂ ಇಲ್ಲ. ವಾಚು, ಹಳೆಯ ಪೆನ್ನು, ನಾಣ್ಯ, ಕ್ಯಾಮೆರಾ, ಏನಿದ್ದರೂ ಕೊನೆಯ ಅರ್ಧ ಗಂಟೆಯಲ್ಲಿ ಬರುವುದು, ಸಣ್ಣ ಹಂತಗಳಲ್ಲಿ ಏರಿಸುವುದು, ಯಾರೋ ಒಬ್ಬರು ಬಿಸಿಯಾದ ಮೇಲೆ ಹಿಂದೆ ಸರಿಯುವುದು. ಎಲ್ಲ ಬಗೆಯ ವಸ್ತುವನ್ನೂ ಬಯಸುವ, ಒಬ್ಬನ ಅಂಗಡಿಯಲ್ಲಿ ಮಾತ್ರ ಬಯಸುವ, ಎಂದೂ ಗೆಲ್ಲದ ಸಂಗ್ರಹಕಾರನನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮುಚ್ಚಳ ತೆಗೆದಾಗ

ವಾಚನ್ನು ಕಟ್ಟಿನಕೆರೆ ಮಾರುಕಟ್ಟೆಯ ಹತ್ತಿರ ವಾಚು ರಿಪೇರಿ ಮಾಡುವ ಹಿರಿಯರೊಬ್ಬರ ಬಳಿಗೆ ಒಯ್ದೆವು. ಎಲ್ಲರೂ ಅವರನ್ನು ಸಾಹೇಬರು ಎನ್ನುತ್ತಾರೆ. ಎಚ್‌ಎಂಟಿ ಮೆಷಿನ್‌ಗಳನ್ನು ಬಿಚ್ಚಿ ಜೋಡಿಸುತ್ತಲೇ ಅವರ ಕೂದಲು ನೆರೆತಿದೆ. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಅವರು ಮೊದಲು ನೋಡಿದ್ದು ಡಯಲನ್ನಲ್ಲ, ಮುಚ್ಚಳವನ್ನು.

"ಮೇಷ್ಟ್ರೇ, ಈ ಗೀರುಗಳನ್ನು ನೋಡಿ" ಎಂದು ಮಸೂರವನ್ನು ನಮ್ಮ ಕೈಗೆ ಕೊಟ್ಟರು. ವರ್ಷಗಟ್ಟಲೆ ಮೈಗೆ ಉಜ್ಜಿದ ಮುಚ್ಚಳದ ತುಂಬ ಕೂದಲೆಳೆಯಂಥ ಗೀರುಗಳು. ಅದರ ನಡುವೆ ಸೈನ್ಯದ ಗುರುತೆಂದು ಕೊರೆದ ಬಾಣ, ಕೆಳಗೆ 1971 ಎಂಬ ಅಂಕಿ. ಗುರುತು ಹಳೆಯದಾಗಿದ್ದರೆ ಅದರ ಅಂಚುಗಳೂ ಸವೆದು ದುಂಡಗಾಗಬೇಕಿತ್ತು, ಗೀರುಗಳು ಅದರ ಅಂಚನ್ನೂ ತರಚಿಕೊಂಡು ಹೋಗಬೇಕಿತ್ತು. ಇಲ್ಲಿ ಪ್ರತಿ ಗೀರೂ ಬಾಣದ ಅಂಚಿಗೆ ಬಂದು ಕತ್ತರಿಸಿದಂತೆ ನಿಂತು, ಆಚೆ ಬದಿಯಲ್ಲಿ ಮತ್ತೆ ಮುಂದುವರಿದಿತ್ತು. ಗೀರುಗಳು ಮೊದಲು ಬಂದವು, ಬಾಣ ಆಮೇಲೆ. ಬಾಣದ ಅಂಚಿನ ಮೇಲೆ ಉಗುರಾಡಿಸಿದರೆ ಲೋಹದ ಚೂಪು ತಗಲುತ್ತಿತ್ತು.

ಗಂಟೆ, ನಿಮಿಷದ ಮುಳ್ಳುಗಳನ್ನು ತೆಗೆದು ಡಯಲನ್ನು ಎತ್ತಿದಾಗ ಉಳಿದದ್ದೂ ತಿಳಿಯಿತು. ಮುಂಭಾಗದಲ್ಲಿ ಕಪ್ಪು ಬಣ್ಣ ನಡುವಿನ ತೂತಿನ ಅಂಚಿಗೆ ಗಟ್ಟಿಯಾಗಿ ಸೇರಿಕೊಂಡಿತ್ತು. 4ರ ಅಂಕಿಯ ಬಳಿ ನಿಮಿಷದ ಗೆರೆ ಅಂಕಿಯ ನೇರಕ್ಕೆ ಬಾರದೆ ಪಕ್ಕಕ್ಕೆ ಸರಿದಿತ್ತು. ಪೈಲಟ್ ಎಂಬ ಹೆಸರಿನ ಅಕ್ಷರಗಳ ಅಂಚು ಮಸೂರದಲ್ಲಿ ಹಬ್ಬಿದಂತೆ ಕಾಣುತ್ತಿತ್ತು. ಕಾರ್ಖಾನೆಯ ಮುದ್ರಣದಲ್ಲಿ ಈ ಅಂಚು ಚೂಪಾಗಿರುತ್ತದೆ. ಡಯಲ್ ಮೆಷಿನ್‌ಗೆ ಕೂರಲು ಹಿಂಬದಿಯಲ್ಲಿ ಎರಡು ಪುಟ್ಟ ಕಾಲುಗಳಿರುತ್ತವೆ. ಇದರಲ್ಲಿ ಒಂದನ್ನು ಕತ್ತರಿಸಿ, ಅಲ್ಲಿ ಅಂಟು ಹಾಕಿದ್ದರು. ಅಂದರೆ ಬೇರೆ ಯಾವುದೋ ವಾಚಿನ ಡಯಲ್‌ಗೆ ಬಣ್ಣ ಬಳಿದು ಇದಕ್ಕೆ ಕೂರಿಸಿದ್ದು.

"ಮೆಷಿನ್ ಮಾತ್ರ ಅಪ್ಪಟ ಎಚ್‌ಎಂಟಿ. ತೊಳೆದು ಎಣ್ಣೆ ಹಾಕಿದರೆ ಇನ್ನೂ ಇಪ್ಪತ್ತು ವರ್ಷ ಓಡುತ್ತದೆ. ಇದನ್ನು ತಯಾರಿಸಿದವರು ಮೋಸ ಮಾಡಲಿಲ್ಲ ಸಾರ್" ಎಂದರು ಸಾಹೇಬರು. ಆ ಮಾತನ್ನು ಅವರು ನೊಂದೇ ಹೇಳಿದರು. ಹಳೆಯ ಬಿಡಿಭಾಗಗಳನ್ನು ಒಟ್ಟುಗೂಡಿಸಿ, ಬಣ್ಣ ಬಳಿದು, ಸಾಮಾನ್ಯ ವಾಚೆಂದೇ ಹೇಳಿ ಮಾರಿದರೆ ಅದರಲ್ಲಿ ತಪ್ಪಿಲ್ಲ. ಆರುನೂರು, ಏಳುನೂರಕ್ಕೆ ಕೊಂಡವನ ಕೈಯಲ್ಲಿ ಅದು ಚೆನ್ನಾಗಿಯೇ ಓಡುತ್ತದೆ. ಯುದ್ಧದ ಹೆಸರು ಕೆತ್ತಿದಾಗ ವ್ಯಾಪಾರ ಮೋಸವಾಗುತ್ತದೆ.

ದೂರು ಮತ್ತು ಕಾನೂನು

ಮಾರಾಟಗಾರನ ಮೊದಲ ಉತ್ತರ ಹೀಗಿತ್ತು: ಹರಾಜಿನಲ್ಲಿ ಕೊಂಡದ್ದಕ್ಕೆ ವಾಪಸಾತಿ ಇಲ್ಲ, ತಾನು ಮನೆಯ ಹಳೆಯ ಸಾಮಾನು ಮಾರುವ ಸಾಮಾನ್ಯ ವ್ಯಕ್ತಿ. ಈ ಎರಡನೇ ಮಾತಿನ ಹಿಂದೆ ಲೆಕ್ಕಾಚಾರವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 2020ರಲ್ಲಿ ಬಂದ ಇ-ಕಾಮರ್ಸ್ ನಿಯಮಗಳು, ವೃತ್ತಿಯಾಗಿ ಅಥವಾ ನಿಯಮಿತವಾಗಿ ವ್ಯಾಪಾರ ಮಾಡದೆ ವೈಯಕ್ತಿಕವಾಗಿ ಮಾರುವ ವ್ಯಕ್ತಿಗೆ ಅನ್ವಯಿಸುವುದಿಲ್ಲ. ಆದರೆ ಅವನ ಪುಟದಲ್ಲಿ ಅಂದು ನೂರಾರು ವಸ್ತುಗಳು ಹರಾಜಿಗಿದ್ದವು. ಆ ಪುಟದ ಚಿತ್ರವನ್ನು ದಿನಾಂಕ ಕಾಣುವಂತೆ ತೆಗೆದಿಟ್ಟುಕೊಂಡದ್ದು ಮೇಷ್ಟ್ರಿಗೆ ಬಹಳ ನೆರವಾಯಿತು. ಶಾಲೆಯ ಹಾಜರಿ ಪುಸ್ತಕ ನೋಡಿಕೊಂಡವರ ಶಿಸ್ತು ಅದು.

ಅದೇ ನಿಯಮಗಳ ಪ್ರಕಾರ ತಾಣದ ಕುಂದುಕೊರತೆ ಅಧಿಕಾರಿ 48 ಗಂಟೆಗಳಲ್ಲಿ ದೂರು ತಲುಪಿದೆಯೆಂದು ತಿಳಿಸಬೇಕು, ಒಂದು ತಿಂಗಳಲ್ಲಿ ಇತ್ಯರ್ಥ ಮಾಡಬೇಕು. ಮೇಷ್ಟ್ರು ಸಾಹೇಬರ ಬಳಿ ತೆಗೆದ ಚಿತ್ರಗಳೊಂದಿಗೆ ಅವರಿಗೆ ಬರೆದರು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಿ ದೂರು ದಾಖಲಿಸಿದರು.

ದೂರಿನಲ್ಲಿ ನಾನು ಒತ್ತಾಯಿಸಿ ಸೇರಿಸಿಸಿದ ಒಂದು ಪ್ಯಾರಾ 1930ರ ಸರಕು ಮಾರಾಟ ಕಾಯ್ದೆಯ 64ನೇ ಕಲಮಿನದು. ಹಳ್ಳಿಯ ಸಂತೆಯ ಹರಾಜಿಗೂ ಸಲ್ಲುವ ಹಳೆಯ ಕಾನೂನು ಅದು. ಮಾರಾಟಗಾರ ತಾನೂ ಕೂಗುವ ಹಕ್ಕನ್ನು ಮೊದಲೇ ಸ್ಪಷ್ಟವಾಗಿ ಪ್ರಕಟಿಸದಿದ್ದರೆ ತಾನು ಕೂಗುವಂತಿಲ್ಲ, ಬೇರೆಯವರಿಂದ ಕೂಗಿಸುವಂತಿಲ್ಲ. ಹಾಗೆ ಮಾಡಿದರೆ ಕೊಂಡವನು ಆ ಮಾರಾಟವನ್ನು ವಂಚನೆಯೆಂದು ಪರಿಗಣಿಸಬಹುದು. ಬೆಲೆ ಏರಿಸಲು ನಟನೆಯ ಕೂಗು ಬಳಸಿದ್ದರೆ ಮಾರಾಟವನ್ನು ರದ್ದುಮಾಡುವ ಆಯ್ಕೆ ಕೊಂಡವನದು. ಜನರಿಗೆ ಈ ಕಲಂ ಗೊತ್ತಿಲ್ಲ. "ನೀವೇ ತಾನೇ ಕೂಗಿದ್ದು?" ಎಂಬ ಒಂದು ಪ್ರಶ್ನೆಗೆ ಬಾಯಿ ಮುಚ್ಚಿ ಮನೆಗೆ ಹೋಗುತ್ತಾರೆ. ಮೇಷ್ಟ್ರೂ ಮನೆಯಲ್ಲಿ ಹೇಳಿಕೊಳ್ಳಲಾಗದೆ ಕೆಲವು ದಿನ ವಾಚನ್ನು ಪುಸ್ತಕಗಳ ಹಿಂದೆ ಇಟ್ಟಿದ್ದರು. ಪಿಂಚಣಿಯ ಹಣದಲ್ಲಿ ಹತ್ತು ಸಾವಿರ ಸಣ್ಣ ಮೊತ್ತವಲ್ಲ. ಅದಕ್ಕಿಂತ ದೊಡ್ಡದು, ವಿದ್ಯಾವಂತನಾಗಿ ಹೀಗೆ ಮೋಸ ಹೋದೆನಲ್ಲ ಎಂಬ ಸಂಕೋಚ. ಮೋಸಗಾರರಿಗೆ ಈ ಸಂಕೋಚದಷ್ಟು ರಕ್ಷಣೆ ಬೇರೆ ಯಾವುದೂ ಕೊಡುವುದಿಲ್ಲ.

ತಿಂಗಳೊಳಗೆ ತಾಣ ಅರ್ಧ ನ್ಯಾಯ ಕೊಟ್ಟಿತು. ವಸ್ತು ವಿವರಣೆಗೆ ಹೊಂದುವುದಿಲ್ಲವೆಂದು ಒಪ್ಪಿ, ವಾಚನ್ನು ವಾಪಸು ಪಡೆದು 8,900 ರೂಪಾಯಿ ಹಿಂದಿರುಗಿಸಿತು. ತನ್ನ ಶುಲ್ಕ 890 ಮತ್ತು ಅಂಚೆಯ 250 ಕೊಡಲಿಲ್ಲ. ಅನುಮಾನದ ಖಾತೆಯ ಬಗ್ಗೆ ಕೇಳಿದ ಪ್ರಶ್ನೆಗೆ "ಪರಿಶೀಲಿಸಲಾಗಿದೆ" ಎಂಬ ಒಂದೇ ಪದದ ಉತ್ತರ ಬಂತು. ಮಾರಾಟಗಾರನ ಖಾತೆ, ಅನುಮಾನದ ಖಾತೆ ಎರಡರ ಹಿಂದಿನ ಮೊಬೈಲ್ ಸಂಖ್ಯೆ, ಬ್ಯಾಂಕ್ ವಿವರ ತಾಣದ ಬಳಿಯೇ ಇರುತ್ತದೆ. ಕೊಳ್ಳುಗ ಊಹಿಸಬಹುದಾದದ್ದನ್ನು ಅದು ಕ್ಷಣದಲ್ಲಿ ಖಚಿತಪಡಿಸಿಕೊಳ್ಳಬಲ್ಲದು. ಬೆಲೆ ಏರಿದಷ್ಟೂ ಶೇ 10ರ ಶುಲ್ಕವೂ ಏರುತ್ತದೆ. 2,400ಕ್ಕೆ ಮುಗಿದಿದ್ದರೆ ತಾಣಕ್ಕೆ ಸಿಗುತ್ತಿದ್ದದ್ದು 240 ರೂಪಾಯಿ. ಈ ಲೆಕ್ಕ ಇರುವವರೆಗೆ ತಾಣ ತಾನಾಗಿ ಕಣ್ಣು ತೆರೆಯುತ್ತದೆ ಎಂದು ನಾನು ನಂಬುವುದಿಲ್ಲ.

ಉಳಿದ 1,140 ರೂಪಾಯಿಗಾಗಿ ಮೇಷ್ಟ್ರು ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲು ನಿರ್ಧರಿಸಿದರು. 5 ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಅಲ್ಲಿ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ, ತಾವು ವಾಸವಿರುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ಅಷ್ಟು ಸಣ್ಣ ಮೊತ್ತಕ್ಕೆ ಏಕೆ ಅಲೆಯುತ್ತೀರಿ ಎಂದು ಮಗಳು ಕೇಳಿದಾಗ "ಹಣಕ್ಕಲ್ಲಮ್ಮ, ಆ ಖಾತೆ ಯಾರದೆಂದು ಅವರು ಬರೆದುಕೊಡಬೇಕು" ಎಂದರಂತೆ.

ದೂರಿನ ಕರಡು ಸಿದ್ಧವಾಗುತ್ತಿರುವಾಗಲೇ ಆ ಮಾರಾಟಗಾರನ ಪಟ್ಟಿಯಲ್ಲಿ ಪೈಲಟ್ ವಾಚೊಂದು ಹರಾಜಿಗೆ ಬಂತು. 4ರ ಬಳಿ ಅದೇ ಸರಿದ ಗೆರೆ, ಮುಚ್ಚಳದಲ್ಲಿ ಅದೇ ಬಾಣ, ಅದೇ ಗೀರುಗಳು. ಆರಂಭದ ಬೆಲೆ 99 ರೂಪಾಯಿ. ವಿವರಣೆಯೂ ಅದೇ, "ನಮಗೆ ತಿಳಿದ ಮಟ್ಟಿಗೆ" ಎಂಬ ಮಾತು ಮಾತ್ರ ಮೊದಲ ಸಾಲಿಗೆ ಬಂದಿತ್ತು. ಮೇಷ್ಟ್ರು ಆ ಪುಟದ ಚಿತ್ರವನ್ನೂ ಸಾಹೇಬರ ಅಂಗಡಿಯಲ್ಲಿ ತೆಗೆದ ಚಿತ್ರಗಳನ್ನೂ ಜೊತೆಗಿಟ್ಟು ದೂರಿಗೆ ಲಗತ್ತಿಸಿದ್ದಾರೆ. ಹರಾಜಿನ ಕೊನೆಯ ಅರ್ಧ ಗಂಟೆಯಲ್ಲಿ ಯಾವ ಖಾತೆ ಕೂಗಿತು ಎಂಬ ಪುಟವೂ ಅದರಲ್ಲಿದೆ.